ಅಪ್ಪನ ಬೆರಳಿಗೆ ಗೊತ್ತಿದ್ದ ಕಥೆಗಳು

ಸಾಲ್ತೊ ಊರಿನಲ್ಲಿ ನೆಲಿದಾ ಎಚೆನಿಕೆಯ ದನಿ ಕೇಳದವರು ಕಡಿಮೆ. ಅವಳು ಹಾಡುಗಾರ್ತಿಯಲ್ಲ, ಭಾಷಣ ಮಾಡುವವಳೂ ಅಲ್ಲ. ಮಧ್ಯಾಹ್ನದ ನಿದ್ದೆ ಮುಗಿದು ಅಂಗಡಿಗಳು ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಅವಳ ಮನೆಯ ಬೀದಿಯಲ್ಲಿ ನಡೆದು ಹೋದರೆ, ಮುಚ್ಚಿದ ಕಿಟಕಿಯ ಪಟ್ಟಿಗಳ ಸಂದಿನಿಂದ ಅವಳು ಪುಸ್ತಕ ಓದುವುದು ಕೇಳುತ್ತಿತ್ತು. ಒಳಗೆ ಅವಳ ಅಪ್ಪ ದೊನ್ ಎವಾರಿಸ್ತೊ, ಸೋರೆಬುರುಡೆಗೆ ತುಂಬಿಸಿಕೊಟ್ಟ ಯೆರ್ಬಾ ಕಷಾಯವನ್ನು ನಳಿಗೆಯಿಂದ ಹೀರುತ್ತ, ಬೆತ್ತದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕೇಳುತ್ತಿದ್ದರು.

ದೊನ್ ಎವಾರಿಸ್ತೊ ನೋಟರಿಯಾಗಿದ್ದವರು. ಊರಿನ ಅರ್ಧ ಕಿತ್ತಳೆ ತೋಟಗಳ ಕ್ರಯಪತ್ರ ಅವರ ಕೈಯಿಂದಲೇ ಆಗಿತ್ತು. ದುಡಿದದ್ದರಲ್ಲಿ ಮಿಕ್ಕಿದ್ದೆಲ್ಲ ಪುಸ್ತಕಕ್ಕೆ ಹೋಯಿತು; ಓದುವುದನ್ನು ಮಾತ್ರ ಕೆಲಸ ಬಿಟ್ಟ ಮೇಲಿನ ದಿನಗಳಿಗೆಂದು ಇಟ್ಟುಕೊಂಡಿದ್ದರು. ಮುಂದಿನ ಕೋಣೆಯ ನಾಲ್ಕೂ ಗೋಡೆಗೆ ನೆಲದಿಂದ ಸೂರಿನವರೆಗೆ ಕಪಾಟು ಕಟ್ಟಿಸಿದ್ದರು. ಬೀದಿಯ ಕಿಟಕಿಯೊಂದನ್ನು ಬಿಟ್ಟು ಉಳಿದ ಕಿಟಕಿಗಳೆಲ್ಲ ಪುಸ್ತಕದ ಹಿಂದೆ ಮರೆಯಾದವು. ಹೆಂಡತಿ ಬದುಕಿದ್ದಾಗ ಉಸಿರು ಕಟ್ಟುತ್ತದೆ ಎಂದು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಅವಳು ಹೋದ ಎರಡನೇ ವರ್ಷಕ್ಕೆ ಅವರ ಕಣ್ಣೂ ಹೋಯಿತು. ಮಗ ಒಮಾರ್ ಆಗ ರಾಜಧಾನಿ ಮೊಂತೆವಿದೇಯೊದಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ. ನೆಲಿದಾ ಶಾಲಾ ಮೇಡಂ ಆಗುವ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದಳು.

"ಅಪ್ಪನ ಮನಸ್ಸು ಒಂದು ಹದಕ್ಕೆ ಬರೋವರೆಗೂ ಸ್ವಲ್ಪ ದಿನ ಓದಿ ಹೇಳೇ," ಅಂದ ಒಮಾರ್. "ನಿನಗೂ ಹೊತ್ತು ಹೋಗುತ್ತೆ."

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ಮೊದಲ ವರ್ಷವೇ ಅವಳು ಅಪ್ಪ ಬ್ರೈಲ್ ಕಲಿಯುವ ಮಾತೆತ್ತಿದ್ದಳು. ಕುರುಡರಿಗೆ ಬೆರಳಿನಿಂದ ಓದುವುದನ್ನು ಹೇಳಿಕೊಡುವವರು ಊರಲ್ಲೇ ಇದ್ದಾರೆ ಎಂದು ಪಕ್ಕದ ಮನೆಯ ಪೋಚಾ ಹೇಳಿದ್ದಳು. ಅಪ್ಪ ಅಂಗೈ ಎತ್ತಿ ತೋರಿಸಿದರು. "ಈ ಚರ್ಮ ನೋಡು, ಮಗಳೇ. ಎಮ್ಮೆ ಚರ್ಮ. ಇದಕ್ಕೆಲ್ಲಿ ಆ ಚುಕ್ಕಿ ತಗಲುತ್ತೆ?" ಅವಳು ಮತ್ತೆ ಕೇಳಲಿಲ್ಲ.

ಇನ್ನೊಂದು ಸಲ, ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇದ್ದಾಗ, ಊರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಓದಿದ್ದನ್ನು ಕೇಳಿದ ರಾಜಧಾನಿಯ ರೇಡಿಯೋದವನೊಬ್ಬ ಮನೆಗೇ ಬಂದು ಕರೆದ. ಸುದ್ದಿ ಓದುವ ಕೆಲಸ, ಇರಲು ಹೆಂಗಸರ ಹಾಸ್ಟೆಲ್. ಅಪ್ಪ ಅವನಿಗೆ ವರ್ಮುತ್ ಎಂಬ ಮದ್ಯ ಹಾಕಿಸಿಕೊಟ್ಟರು, ನಗುನಗುತ್ತ ಮಾತಾಡಿದರು. ಅವನು ಹೋದ ಮೇಲೆ, "ಹೋಗು, ಮಗಳೇ. ನಿನ್ನ ಬದುಕು ನಿನ್ನದು," ಅಂದರು. ಆ ಮೇಲೆ ಮೂರು ಹೊತ್ತು ಊಟ ಮುಟ್ಟಲಿಲ್ಲ. ಮುಚ್ಚಿದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ರಟ್ಟನ್ನು ಅಂಗೈಯಿಂದ ಸುಮ್ಮನೆ ಸವರುತ್ತ ಕೂತಿದ್ದರು. ನಾಲ್ಕನೆಯ ಹೊತ್ತಿಗೆ ನೆಲಿದಾ ಆ ಪುಸ್ತಕವನ್ನು ಅವರ ತೊಡೆಯಿಂದ ಎತ್ತಿಕೊಂಡು ನಿಲ್ಲಿಸಿದ್ದ ಪುಟ ತೆರೆದಳು.

"ಬೇಡ ಅಂದ್ರೆ ಬಾಯಿ ಬಿಟ್ಟು ಬೇಡ ಅನ್ಬೇಕಪ್ಪ," ಎಂದು ಪೋಚಾ ಗೋಡೆಯಾಚೆಯಿಂದ ಗೊಣಗಿದಳು. "ಹೀಗೆ ಹೊಟ್ಟೆ ಖಾಲಿ ಬಿಟ್ಕೊಂಡು ಕೂತ್ರೆ ಆ ಹುಡುಗಿ ಏನು ಮಾಡ್ಬೇಕು? ನಿಂಗಾದ್ರೂ ಬುದ್ಧಿ ಬೇಡ್ವೇನೇ ನೆಲಿದಾ?"

"ಅವರು ಹೋಗು ಅಂತಲೇ ಅಂದ್ರು, ಪೋಚಾ."

"ಅಂದ್ರು, ಅಂದ್ರು! ನನ್ನ ಗಂಡನೂ ಅಡುಗೆ ಚೆನ್ನಾಗಿದೆ ಅಂತಾನೆ."

ಕಥೆ ಬದಲಿಸುವುದನ್ನು ನೆಲಿದಾ ಶುರು ಮಾಡಿದ್ದು ಬೇಕೆಂದಲ್ಲ. ಒಂದು ಚಳಿಗಾಲದಲ್ಲಿ ಅವರು ದಪ್ಪನೆಯ ಕಾದಂಬರಿಯೊಂದನ್ನು ಓದುತ್ತಿದ್ದರು. ಅದರ ನಾಯಕಿ ಅಮೇಲಿಯಾ ಎಂಬ ಹರೆಯದ ವಿಧವೆ, ಮಾವನ ಮನೆಯಲ್ಲಿ ಬೀಗ ಹಾಕಿಟ್ಟಂತೆ ಬದುಕುವವಳು. ಕೊನೆಯ ಅಧ್ಯಾಯಕ್ಕೆ ಬಂದಾಗ ನೋಡಿದರೆ ಪುಟಗಳೆಲ್ಲ ಥಂಡಿಗೆ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಾಯುತ್ತಿದ್ದರು. ಅವರನ್ನು ನಿರಾಸೆಗೊಳಿಸಲು ಮನಸ್ಸಾಗದೆ ನೆಲಿದಾ ಅಂಟಿದ ಪುಟವನ್ನೇ ನೋಡುತ್ತ, ಓದುವ ದನಿಯಲ್ಲೇ, ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಅಮೇಲಿಯಾ ಮಾವನ ಮೇಜಿನಿಂದ ಕೀಲಿ ಕದ್ದಳು. ಎಲ್ಲರೂ ಪೂಜೆಗೆ ಚರ್ಚಿಗೆ ಹೋದಾಗ ಹಿತ್ತಲ ಬಾಗಿಲು ತೆಗೆದು ಸ್ಟೇಷನ್ನಿಗೆ ನಡೆದಳು. ಗಡಿಯ ಊರಾದ ರಿವೇರಾಕ್ಕೆ ಹೋಗುವ ರೈಲು ಹತ್ತಿದಳು. ರೈಲು ಹೊರಟಿತು. ಮುಗಿಯಿತು.

ಅಪ್ಪ ಕುರ್ಚಿಯಲ್ಲಿ ಮತ್ತೆ ಹಿಂದಕ್ಕೊರಗಿದರು. ಆಮೇಲೆ, "ಚೆನ್ನಾಗಿತ್ತು," ಅಂದರು.

ಅಂದು ಅಡುಗೆಮನೆಗೆ ಬಂದ ನೆಲಿದಾ ಒಬ್ಬಳೇ ನಕ್ಕಳು. ಏನೋ ಕದ್ದು ದಕ್ಕಿಸಿಕೊಂಡವಳ ಖುಷಿ ಅದು. ಅಲ್ಲಿಂದ ಮುಂದೆ ಪುಟಗಳು ಅಂಟಿರಬೇಕಾದ ಅಗತ್ಯವೇ ಬೀಳಲಿಲ್ಲ. ಪುಸ್ತಕದಲ್ಲಿ ವಿಷ ಕುಡಿಯುವ ಹೆಂಗಸರು ಅವಳ ಬಾಯಲ್ಲಿ ವಿಷದ ಬಟ್ಟಲನ್ನು ಕಿಟಕಿಯಾಚೆ ಚೆಲ್ಲಿದರು. ಮಠ ಸೇರಬೇಕಾದವರು ಮಠದ ಬಾಗಿಲಿಂದಲೇ ಬಂಡಿ ತಿರುಗಿಸಿದರು. ಮದುವೆಯಾಗಬೇಕಾದ ಒಬ್ಬಳು ಮದುವೆಯ ಬೆಳಿಗ್ಗೆ ಉಂಗುರವನ್ನು ಸಕ್ಕರೆ ಡಬ್ಬಿಗೆ ಹಾಕಿ ಹೊರಟೇ ಹೋದಳು. ಓದುವ ಲಯ ತಪ್ಪದಂತೆ, ಎಲ್ಲಿ ಪುಟ ಮಗುಚಬೇಕೋ ಅಲ್ಲಿ ಮಗುಚುತ್ತ, ಅವಳು ಒಬ್ಬೊಬ್ಬರನ್ನೇ ಕಳಿಸಿಕೊಟ್ಟಳು. ಆ ಕೋಣೆಯಲ್ಲಿ ಅವಳ ಪಾಲಿಗೆ ಗಾಳಿ ಬರುತ್ತಿದ್ದದ್ದು ಆ ಒಂದು ಸಂದಿನಿಂದ ಮಾತ್ರ. ಅಪ್ಪನಿಗೆ ಗೊತ್ತಾಗುವುದಿಲ್ಲ ಎಂಬ ನಂಬಿಕೆಯೇ ಅವಳನ್ನು ಅಷ್ಟು ವರ್ಷ ಅಲ್ಲಿ ಕೂರಿಸಿತು ಎಂದರೂ ತಪ್ಪಲ್ಲ.

ಗುರುವಾರ ಮಾತ್ರ ಓದಿಗೆ ರಜೆ. ಅಂದು ಅಪ್ಪ ಕೋಲು ಹಿಡಿದು, ಕುರ್ಚಿಗೆ ಬೆತ್ತ ಹೆಣೆಯುವ ಅನ್ಸೆಲ್ಮೊ ಎಂಬವನ ಕಾರ್ಖಾನೆಗೆ ಹೋಗುತ್ತಿದ್ದರು. ಅನ್ಸೆಲ್ಮೊ ಹುಟ್ಟುಕುರುಡ. ಅಲ್ಲಿ ಕೆಲಸ ಮಾಡುವವರೂ ಹೆಚ್ಚಿನವರು ಕಣ್ಣಿಲ್ಲದವರೇ. "ಇಸ್ಪೀಟಾಡೋಕೆ," ಎನ್ನುತ್ತಿದ್ದರು ಅಪ್ಪ. ಕಣ್ಣಿಲ್ಲದವರು ಎಲೆ ಹೇಗೆ ಗುರುತಿಸುತ್ತಾರೆ ಎಂದು ನೆಲಿದಾ ಒಮ್ಮೆಯೂ ಕೇಳಲಿಲ್ಲ. ತನಗೊಂದು ಮಧ್ಯಾಹ್ನ ಸಿಕ್ಕಿತಲ್ಲ ಎಂದು ಕಾಲು ನೀಡಿ ಮಲಗುತ್ತಿದ್ದಳು.

ದೊನ್ ಎವಾರಿಸ್ತೊ ಒಂದು ಶರತ್ಕಾಲದ ಬೆಳಿಗ್ಗೆ, ನೆಲಿದಾಗೆ ಐವತ್ತು ದಾಟಿದ್ದಾಗ, ನಿದ್ದೆಯಲ್ಲೇ ತೀರಿಕೊಂಡರು. ಮನೆ ಇಬ್ಬರು ಮಕ್ಕಳಿಗೂ ಸಮಪಾಲು, ಪುಸ್ತಕಗಳೆಲ್ಲ ಮಗಳಿಗೆ ಎಂದು ಬರೆದಿಟ್ಟಿದ್ದರು.

"ನಂಗೊಂದೂ ಬೇಡ ಮಾರಾಯ್ತಿ, ನೀನೇ ಇಟ್ಕೋ," ಅಂದ ಒಮಾರ್. ಅವನ ತಲೆಯೂ ನರೆತಿತ್ತು. "ಮನೆ ಮಾರೋಣ. ನೀನು ಬಂದು ನಮ್ಮ ಜೊತೆ ಇರು. ಹಿಂದಿನ ರೂಮು ಖಾಲಿ ಇದೆ. ನಮ್ಮ ಅತ್ತೆಗೂ ಕಣ್ಣು ಮಂಜಾಗಿದೆ, ನೀನಿದ್ರೆ ಅವರಿಗೂ ಸಮಾಧಾನ."

ನೆಲಿದಾ ನಗಬೇಕೋ ಬೇಡವೋ ತಿಳಿಯದೆ ಅಣ್ಣನ ಮುಖ ನೋಡಿದಳು. ಅವನು ತಮಾಷೆ ಮಾಡಿರಲಿಲ್ಲ.

ಒಮಾರ್ ವಾಪಸು ಹೋದ ವಾರವೇ ಬಾಗಿಲ ಮುಂದೆ ಒಂದು ಹಳೇ ಪಿಕಪ್ ನಿಂತಿತು. ಓಡಿಸಿಕೊಂಡು ಬಂದವಳು ಅನ್ಸೆಲ್ಮೊನ ಸೊಸೆ. ಪಕ್ಕದ ಸೀಟಿನಿಂದ ಅನ್ಸೆಲ್ಮೊ ಇಳಿದ. ಹಿಂದೆ, ಟಾರ್ಪಾಲಿನ ಕೆಳಗೆ, ಪೆಟ್ಟಿಗೆಗಳ ರಾಶಿ.

"ದೊನ್ಯಾ ನೆಲಿದಾ, ಇವು ನಿಮ್ಮವು," ಅಂದ. "ಪುಸ್ತಕ ಎಲ್ಲಾ ಮಗಳಿಗೆ ಅಂತ ಬರೆದಿದಾರಂತಲ್ಲ. ಇವೂ ಅವರವೇ, ಅವರೇ ದುಡ್ಡು ಕೊಟ್ಟು ತರಿಸಿದ್ದು. ನಮ್ಮ ಸೂರು ಸೋರುತ್ತೆ, ನೆಂದು ಹಾಳಾದ್ರೆ ಪಾಪ ಅಂತ ತಂದ್ವಿ."

ಪೆಟ್ಟಿಗೆ ತೆರೆದರೆ ಒಳಗೆ ದೊಡ್ಡ ದೊಡ್ಡ ಸಂಪುಟಗಳು, ಒಂದೊಂದೂ ರೊಟ್ಟಿ ತಟ್ಟುವ ಹಲಗೆಯಷ್ಟು ಅಗಲ. ಅಕ್ಷರವೇ ಇಲ್ಲದ ದಪ್ಪ ಹಾಳೆ. ನೆಲಿದಾ ಒಂದರ ಮೇಲೆ ಕೈಯಿಟ್ಟಳು. ಚುಕ್ಕಿಗಳು.

"ಇದು ಯಾರು ಓದ್ತಿದ್ದದ್ದು?"

"ಇನ್ಯಾರು? ದೊನ್ ಎವಾರಿಸ್ತೊ." ಅನ್ಸೆಲ್ಮೊ ಹೆಮ್ಮೆಯಿಂದ ನಕ್ಕ. "ಕಣ್ಣು ಹೋದ ಎರಡನೇ ವರ್ಷವೇ ನನ್ನ ಹತ್ರ ಬಂದ್ರು. ಅವರಷ್ಟು ಬೇಗ ಕಲಿತವರನ್ನ ನಾನು ಕಾಣೆ. ಆ ಬೆರಳು, ತಾಯೀ, ಹೆಣ್ಮಕ್ಕಳ ಬೆರಳಿನ ಹಾಗೆ ಮೆತ್ತಗೆ."

ನೆಲಿದಾ ಪೆಟ್ಟಿಗೆಯ ಮೇಲೇ ಕೂತುಬಿಟ್ಟಳು. ಒಂದೊಂದು ಸಂಪುಟವನ್ನೂ ಎತ್ತಿ ಅವನ ಕೈಗಿಟ್ಟು, "ಇದ್ಯಾವುದು? ಇದು?" ಎಂದು ಕೇಳತೊಡಗಿದಳು. ಅವನು ಮೊದಲ ಪುಟ ಸವರಿ ಹೆಸರು ಹೇಳುತ್ತ ಹೋದ. ಎಲ್ಲವೂ ಅವಳು ಓದಿದ್ದೇ. ಮುಂದಿನ ಕೋಣೆಯ ಕಪಾಟಿನಿಂದ ತೆಗೆದು, ಗಂಟಲು ಒಣಗಿಸಿಕೊಂಡು, ಕೆಮ್ಮಿನಲ್ಲೂ ಜ್ವರದಲ್ಲೂ ಓದಿದ್ದೇ. ಅಮೇಲಿಯಾಳ ಕಾದಂಬರಿ ಐದು ಸಂಪುಟವಾಗಿ ಅಲ್ಲಿತ್ತು. ಅದರ ಕೊನೆಯ ಸಂಪುಟದ ಕೊನೆಯ ಪುಟಗಳಲ್ಲಿ ಚುಕ್ಕಿಗಳು ಎಷ್ಟು ಸವೆದಿದ್ದವೆಂದರೆ ಹಾಳೆ ಹೆಚ್ಚು ಕಡಿಮೆ ನುಣ್ಣಗಾಗಿತ್ತು.

"ಇದರಲ್ಲಿ ಕೊನೆಗೆ ಏನಾಗುತ್ತೆ?" ಎಂದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿತು.

"ಅಮೇಲಿಯಾನಾ? ಜ್ವರ ಬಂದು ಸಾಯ್ತಾಳೆ, ಮಾವನ ಮನೆಯಲ್ಲೇ. ಆದ್ರೆ ನಿಮ್ಮದರಲ್ಲಿ ರೈಲು ಹತ್ತಿ ಹೋಗ್ತಾಳಲ್ಲ, ಅದೇ ಚೆಂದ." ಅನ್ಸೆಲ್ಮೊ ಮುಖ ಅರಳಿಸಿದ. "ಅವರು ಗುರುವಾರ ಬಂದು ನಮಗೆಲ್ಲ ಹೇಳೋರು. ನಾವು ಹೆಣೀತಾ ಕೇಳೋದು. ಮೊದಲು ನಮ್ಮಲ್ಲಿ ಬೆರಳಲ್ಲಿ ಓದ್ಕೊಂಡು ಹೋಗೋರು, ಆಮೇಲೆ ನೀವೇನು ಮಾಡ್ತೀರಿ ಅಂತ ಕಾಯೋರು. 'ನಮ್ಮ ಹುಡುಗಿ ಇವತ್ತು ಉಂಗುರಾನ ಸಕ್ಕರೆ ಡಬ್ಬಿಗೆ ಹಾಕಿಸಿದ್ಲು ಕಣಯ್ಯ' ಅಂತ ಏನು ನಗು ಅಂತೀರಿ!"

"ಮಾವ, ಸಾಕು," ಅಂದಳು ಸೊಸೆ. ಅವಳಿಗೆ ಕಣ್ಣಿತ್ತು. ನೆಲಿದಾಳ ಮುಖ ಅವಳಿಗೆ ಕಂಡಿತ್ತು.

"ಯಾಕೆ ನನಗೆ ಹೇಳ್ಲಿಲ್ಲ ಅವರು?"

ಅನ್ಸೆಲ್ಮೊ ತಡವರಿಸಿದ. ತನಗೆ ಗೊತ್ತಿಲ್ಲದ ಯಾವುದೋ ಗುಂಡಿಯ ಅಂಚಿಗೆ ಬಂದು ನಿಂತಿದ್ದೇನೆ ಎಂದು ಅವನಿಗೆ ಆಗ ಹೊಳೆಯಿತು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ, ತಾಯೀ. ಒಂದ್ಸಲ ಕೇಳಿದ್ದೆ. 'ಹೇಳಿದ್ರೆ ಅವಳಿಗೆ ಇಲ್ಲಿ ಏನು ಕೆಲಸ ಉಳಿಯುತ್ತೆ?' ಅಂದ್ರು. ನಿಮ್ಮ ಒಳ್ಳೇದಕ್ಕೇ ಅಂದ್ರು ಅಂತ ನಾನು ತಿಳ್ಕೊಂಡೆ."

ಪೆಟ್ಟಿಗೆಗಳನ್ನು ನಡುಮನೆಯ ಇಕ್ಕಟ್ಟು ಹಾದಿಯಲ್ಲಿ ಪೇರಿಸಿ ಅವರು ಹೋದರು. ಬೇರೆಲ್ಲೂ ಜಾಗವಿರಲಿಲ್ಲ. ಅಡುಗೆಮನೆಗೆ ಹೋಗಲು ಈಗ ನೆಲಿದಾ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಾಗಿತ್ತು. ಪ್ರತಿ ಸಲ ಪೆಟ್ಟಿಗೆಯ ಮೂಲೆ ಸೊಂಟಕ್ಕೆ ತಾಗುತ್ತಿತ್ತು.

ಅವಳಿಗೆ ಸಿಟ್ಟು ಬಂದದ್ದು ತಡವಾಗಿ, ಬಟ್ಟೆ ಒಣಹಾಕುವಾಗ. ಹಗ್ಗದ ಮೇಲೆ ಅಪ್ಪನ ಕೊನೆಯ ಅಂಗಿ ಇತ್ತು. "ಅವನಿಗೆ ಗೊತ್ತಿತ್ತು!" ಎಂದು ಕೂಗಿದಳು. ಹುಟ್ಟಿದಾಗಿನಿಂದ ಅಪ್ಪನನ್ನು ಏಕವಚನದಲ್ಲಿ ಕರೆದವಳಲ್ಲ. ಪೋಚಾ ಗೋಡೆಯ ಮೇಲೆ ತಲೆ ಹಾಕಿದಳು.

"ಏನೇ ಗೊತ್ತಿತ್ತು?"

ನೆಲಿದಾ ಹೇಳಿದಳು. ಎಲ್ಲ ಹೇಳಿದಳು, ಕಥೆ ಬದಲಿಸಿದ್ದನ್ನೂ. ಪೋಚಾ ಗೋಡೆಯ ಮೇಲೆ ಎರಡೂ ಮೊಣಕೈ ಊರಿದಳು. "ಅಲ್ಲ ಕಣೇ, ಬೆರಳಿನಿಂದ ಓದಿದ್ಮೇಲೂ ನಿನ್ನ ಬಾಯಿಂದ ಕೇಳೋಕೆ ಆಸೆ ಪಟ್ಟಿದ್ದಾರೆ ಅಂದ್ರೆ, ಅದು ಪ್ರೀತಿ ಅಲ್ವಾ?" ಅಂದಳು.

"ಪ್ರೀತಿಯೇ ಇರ್ಬಹುದು. ನನ್ನ ಹತ್ರ ನನ್ನದು ಅಂತ ಇದ್ದದ್ದು ಆ ಗುಟ್ಟೊಂದೇ, ಪೋಚಾ. ಅಲ್ಲಿಗೂ ಬಂದು ಕೂತಿದ್ರು."

ಆ ಗುರುವಾರ ನೆಲಿದಾ ತಾನೇ ಕಾರ್ಖಾನೆಗೆ ಹೋದಳು. ಯಾಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ನೀರಲ್ಲಿ ನೆನೆಹಾಕಿದ ಬೆತ್ತದ ವಾಸನೆ, ಅರ್ಧ ಹೆಣೆದ ಕುರ್ಚಿಗಳು, ಕೆಳಗೆ ಬಾಗಿದ ಏಳೆಂಟು ತಲೆಗಳು. ಅವಳು "ನಮಸ್ಕಾರ" ಎಂದದ್ದೇ ತಡ, ಕೈಗಳೆಲ್ಲ ನಿಂತವು.

"ದನಿ ಕೇಳಿದ್ರೇ ಗೊತ್ತಾಯ್ತು!" ಅಂದಳು ಸುಲ್ಮಾ ಎಂಬ ದಪ್ಪ ಹೆಂಗಸು. ಅವಳೂ ಕುರುಡಿ. "ನಿಮ್ಮ ಬೀದೀಲಿ ಎಷ್ಟು ಸಲ ಬೇಕು ಬೇಕು ಅಂತ ನಿಧಾನವಾಗಿ ನಡೆದಿದೀನಿ ನಾನು. ಬನ್ನಿ, ಬನ್ನಿ. ಅಮೇಲಿಯಾ ಕಥೆ ಅಂದ್ರೆ ನಂಗೆ ಪ್ರಾಣ. ಅದ್ರಲ್ಲೂ ಕೊನೆಗೆ ವಾಪಸ್ ಬರ್ತಾಳಲ್ಲ, ಅಲ್ಲಿ ಅತ್ತುಬಿಟ್ಟಿದ್ದೆ."

"ಯಾರು ವಾಪಸ್ ಬಂದದ್ದು?"

"ಅಮೇಲಿಯಾ ಕಣಮ್ಮ! ರೈಲು ಹತ್ತಿ ಹೋಗ್ತಾಳೆ, ಒಂದು ವರ್ಷ ಅಲ್ಲಿ ಇಲ್ಲಿ ಅಲೀತಾಳೆ, ಆಮೇಲೆ ಮಾವನಿಗೆ ಹುಷಾರಿಲ್ಲ ಅಂತ ತಿಳಿದು ಓಡಿ ಬರ್ತಾಳೆ. ಬಾಗಿಲು ತೆಗೆದೇ ಇರುತ್ತೆ. 'ಬಂದ್ಯಾ ಮಗಳೇ' ಅಂತಾನೆ ಮುದುಕ. ನಿಮ್ಮಪ್ಪ ಅದನ್ನ ಹೇಳ್ತಿದ್ದ ರೀತಿ!"

ನೆಲಿದಾ ಒಬ್ಬೊಬ್ಬಳ ಗತಿಯನ್ನೂ ಕೇಳಿದಳು. ಉಂಗುರ ಬಿಟ್ಟು ಹೋದವಳು? ಅವಳೂ ಬಂದಿದ್ದಳು, ಸಕ್ಕರೆ ಡಬ್ಬಿ ಹಾಗೇ ಇತ್ತು. ಮಠದ ಬಾಗಿಲಿಂದ ಬಂಡಿ ತಿರುಗಿಸಿದವಳು? ಅವಳು ತಂಗಿಯ ಮಕ್ಕಳನ್ನು ಸಾಕಲು ಬಂದಳು. ಇಷ್ಟೆಲ್ಲ ವರ್ಷ ಅವಳು ಮುಚ್ಚಿದ ಕೋಣೆಯಿಂದ ಬಿಟ್ಟುಕೊಟ್ಟ ಹೆಂಗಸರನ್ನು ಅಪ್ಪ ಗುರುವಾರ ಗುರುವಾರ ಇಲ್ಲಿ ಕೂತು, ಗದರದೆ, ಕೈ ಹಿಡಿದು ವಾಪಸು ಕರೆತಂದಿದ್ದರು.

"ಅವಳು ಬರಲಿಲ್ಲ," ಅಂದಳು ನೆಲಿದಾ. "ಅಮೇಲಿಯಾ ಬರಲಿಲ್ಲ. ರೈಲು ಹೊರಟಿತು, ಅವಳು ಹೋದಳು. ಅಷ್ಟೇ ಕಥೆ."

ಸುಲ್ಮಾ ಬೆತ್ತದ ಎಳೆಯನ್ನು ಮತ್ತೆ ಕೈಗೆತ್ತಿಕೊಂಡಳು. "ಇರ್ಲಿ ಬಿಡಿ. ನಮಗೆ ಬಂದದ್ದೇ ಇಷ್ಟ. ನಿಮ್ಮಪ್ಪ ಹೇಳಿದ್ದೇ ಚೆನ್ನಾಗಿತ್ತು."

"ಹಾಗಾದ್ರೆ ಈಗ ಎಲ್ಲಿದಾಳೆ ಅವಳು?" ಎಂದು ಕೇಳಿದವನು ಅನ್ಸೆಲ್ಮೊ. ಚುಚ್ಚಲು ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ. "ರಿವೇರಾಕ್ಕೆ ಹೋದ್ಲು. ಸರಿ. ಇಳಿದ್ಲು. ಆಮೇಲೆ?"

ನೆಲಿದಾಳ ಹೆಂಗಸರೆಲ್ಲ ಸ್ಟೇಷನ್ನಿನವರೆಗೆ ಬಂದಿದ್ದರು. ಬಂಡಿ, ರೈಲು, ದೋಣಿ, ಎಲ್ಲವೂ ಹೊರಟಿದ್ದವು. ಹೊರಟ ಮೇಲೆ ಏನು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಅವಳಿಗೆ ಕಿತ್ತಳೆ ತೋಟ ಗೊತ್ತಿತ್ತು, ನದಿ ಗೊತ್ತಿತ್ತು, ರಾಜಧಾನಿಯಲ್ಲಿ ಅಣ್ಣನ ಮದುವೆಗೆ ಹೋಗಿ ಬಂದ ಮೂರು ದಿನ ಗೊತ್ತಿತ್ತು. ಅಪ್ಪ ವಾಪಸು ಕರೆತಂದದ್ದರಲ್ಲಿ ಕಷ್ಟವೇನೂ ಇರಲಿಲ್ಲ. ಯಾರೂ ದೂರ ಹೋಗಿರಲೇ ಇಲ್ಲ.

ಚಳಿಗಾಲ ಕಳೆಯುವುದರೊಳಗೆ ಮುಂದಿನ ಕೋಣೆಯ ಪುಸ್ತಕಗಳನ್ನು ಊರಿನ ಪ್ರೌಢಶಾಲೆಯವರು ಬಂದು ಹೊತ್ತುಕೊಂಡು ಹೋದರು. ಕಪಾಟಿನ ಹಿಂದೆ ಮುಚ್ಚಿಹೋಗಿದ್ದ ಕಿಟಕಿಗಳನ್ನು ತೆಗೆಸಲು ನೋಡಿದರೆ ಮರ ಉಬ್ಬಿ ಗೋಡೆಗೇ ಕಚ್ಚಿಕೊಂಡಿತ್ತು. ಬಡಗಿ ಗೋಡೆ ಒಡೆಯದೆ ಆಗುವುದಿಲ್ಲ ಎಂದ. ಮಾರುವ ಮನೆಯ ಗೋಡೆ ಒಡೆಯುವುದು ಬೇಡವೆಂದು ಒಮಾರ್ ಫೋನಿನಲ್ಲಿ ಹೇಳಿದ. ಬ್ರೈಲ್ ಪೆಟ್ಟಿಗೆಗಳನ್ನು ಯಾರೂ ಕೇಳಲಿಲ್ಲ. ಸಾಯಂಕಾಲ ಓದುವ ಹೊತ್ತಾದರೆ ನೆಲಿದಾಳ ಗಂಟಲು ತಾನಾಗಿ ಕೆಮ್ಮಿ ಸಿದ್ಧವಾಗುತ್ತಿತ್ತು. ಅವಳು ಎದ್ದು ಬೀದಿಗೆ ಹೋಗಿ, ಎಲ್ಲಿಗೆಂದು ತಿಳಿಯದೆ ಚೌಕದ ಸುತ್ತ ನಡೆದು ಬರುತ್ತಿದ್ದಳು.

ವಸಂತದಲ್ಲಿ ಒಂದು ದಿನ ಪೋಚಾಗೆ ಮನೆಯ ಕೀಲಿ ಕೊಟ್ಟು, ರಿವೇರಾದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ದನ, ಗುಡ್ಡ, ದನ. ಪಕ್ಕದಲ್ಲಿ ಕೂತವನು ಬಾಯಿ ತೆರೆದು ನಿದ್ದೆ ಮಾಡಿದ. ಊರು ತಲುಪಿ ಚೌಕದ ಬಳಿ ಒಂದು ವಸತಿಗೃಹದಲ್ಲಿ ಕೋಣೆ ಹಿಡಿದಳು. ಕೆಳಗಿನ ಹೋಟೆಲಿನಲ್ಲಿ ಕರಿದ ಮಾಂಸದ ಮಿಲಾನೇಸಾ ತಿಂದಳು. ಮಾಂಸ ಚಪ್ಪಲಿಯಂತೆ ಗಟ್ಟಿಯಾಗಿತ್ತು. ಊರಿನ ನಡುವಿನ ಬೀದಿಯೇ ಗಡಿ. ಈ ಬದಿ ತಮ್ಮ ದೇಶ, ಆ ಬದಿ ಬ್ರೆಜಿಲ್. ಬೆಳಿಗ್ಗೆ ಅವಳು ಬೀದಿ ದಾಟಿದಳು. ಯಾರೂ ಏನೂ ಕೇಳಲಿಲ್ಲ. ಆ ಕಡೆಯ ಅಂಗಡಿಯಲ್ಲಿ ಒಂದು ಪೊಟ್ಟಣ ಕಾಫಿಪುಡಿ ಕೊಂಡಳು. ಅಂಗಡಿಯಾಕೆ ಪೋರ್ಚುಗೀಸಿನಲ್ಲಿ ಏನೋ ಹೇಳಿ ನಕ್ಕಳು, ಇವಳೂ ನಕ್ಕಳು. ಸ್ವಲ್ಪ ಹೊತ್ತು ಅಲ್ಲೇ ನಿಂತು ಮುಂದೆ ಎಲ್ಲಿಗೆ ಹೋಗಬೇಕೆಂದು ನೋಡಿದಳು. ಬೀದಿ ಮೇಲಕ್ಕೆ ಏರಿ, ತಿರುಗಿ, ಕಾಣದಾಗುತ್ತಿತ್ತು. ಬಿಸಿಲು ಏರಿತು. ಅವಳು ಮತ್ತೆ ಬೀದಿ ದಾಟಿ, ಮಧ್ಯಾಹ್ನದ ಬಸ್ಸಿಗೆ ಸಾಲ್ತೊಗೆ ಹೊರಟಳು.

ಗುರುವಾರ ಕಾರ್ಖಾನೆಯಲ್ಲಿ ಎಲ್ಲರಿಗೂ ಆ ಕಾಫಿ ಮಾಡಿಕೊಟ್ಟಳು. ಅಮೇಲಿಯಾ ಚೌಕದ ಪಕ್ಕ ಕೋಣೆ ಹಿಡಿದದ್ದು ಹೇಳಿದಳು. ಮಿಲಾನೇಸಾ ಗಟ್ಟಿ ಇತ್ತು ಎಂದಾಗ ಅನ್ಸೆಲ್ಮೊ ಗಟ್ಟಿಯಾಗಿ ನಕ್ಕ. ಬೀದಿ ದಾಟಿದ್ದು, ಕಾಫಿ ಕೊಂಡದ್ದು, ಅಂಗಡಿಯಾಕೆಯ ನಗು, ಎಲ್ಲ ಹೇಳಿದಳು. ಹೆಣೆಯುವ ಕೈಗಳು ನಿಧಾನವಾದವು.

"ಆಮೇಲೆ ವಾಪಸ್ ಬಂದ್ಲು ತಾನೇ?" ಅಂದಳು ಸುಲ್ಮಾ.

ನೆಲಿದಾ ಲೋಟಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿದಳು. "ಇನ್ನೂ ಗೊತ್ತಿಲ್ಲ," ಅಂದಳು.

"ಗೊತ್ತಿಲ್ಲ ಅಂದ್ರೆ? ಹೇಳೋರು ನೀವಲ್ವಾ?"

ಅವಳು ಬಕೆಟ್ಟು ಎತ್ತಿಕೊಂಡು ಲೋಟ ತೊಳೆಯಲು ಹೋದಳು. ಮನೆ ಆ ವರ್ಷ ಮಾರಾಟವಾಗಲಿಲ್ಲ, ಮರುವರ್ಷವೂ ಆಗಲಿಲ್ಲ. ನೋಡಲು ಬಂದವರೆಲ್ಲ ಮುಂದಿನ ಕೋಣೆ ಕತ್ತಲೆ ಎಂದು ಹೋದರು. ಒಮಾರ್ ಪ್ರತಿ ಭಾನುವಾರ ಫೋನು ಮಾಡಿ ಹಿಂದಿನ ರೂಮಿನ ಮಾತೆತ್ತುತ್ತಾನೆ. ಅತ್ತೆ ಕೇಳುತ್ತಿದ್ದಾರೆ ಎನ್ನುತ್ತಾನೆ. ನೆಲಿದಾ ನೋಡೋಣ ಎನ್ನುತ್ತಾಳೆ, ಫೋನಿಟ್ಟು, ಪೆಟ್ಟಿಗೆಗಳ ಪಕ್ಕದಲ್ಲಿ ಅಡ್ಡ ತಿರುಗಿ ನುಸುಳಿ, ಒಲೆ ಹಚ್ಚಲು ಹೋಗುತ್ತಾಳೆ.